ದೆವ್ವವಿಲ್ಲದ ಭಯ

ಸುಲ್ತಾನ್ ಬಜಾರಿನ ಗಲ್ಲಿಯೊಂದರ ವಠಾರದಲ್ಲಿ ಬೆಳೆದವನು ನಾನು. ದೆವ್ವದ ಕಾದಂಬರಿ ಎಷ್ಟು ಓದಿದೀನೋ ಲೆಕ್ಕವಿಲ್ಲ. ದೀಪ ಹಾಕಿದರೆ ಆ ಭಯ ಹೋಗ್ತದೆ. ಯು. ಆರ್. ಅನಂತಮೂರ್ತಿಯವರ ‘ಘಟಶ್ರಾದ್ಧ’ ಓದಿದ ರಾತ್ರಿ ಮಾತ್ರ ದೀಪ ಉಪಯೋಗಕ್ಕೆ ಬರಲಿಲ್ಲ.

ಅದರಲ್ಲಿ ದೆವ್ವವಿಲ್ಲ, ಕೊಲೆಗಾರನೂ ಇಲ್ಲ. ವೇದಪಾಠ ಹೇಳುವ ಉಡುಪರ ವಿಧವೆ ಮಗಳು ಯಮುನಕ್ಕ ಬಸುರಾಗುತ್ತಾಳೆ. ಬದುಕಿರುವ ಮಗಳಿಗೇ ತಂದೆ ಶ್ರಾದ್ಧ ಮಾಡಿ ಜಾತಿಯಿಂದ ಹೊರಹಾಕುತ್ತಾರೆ. ಇದನ್ನೆಲ್ಲ ನಾವು ಕಾಣುವುದು ನಾಣಿ ಎಂಬ ಪುಟ್ಟ ಶಿಷ್ಯನ ಕಣ್ಣಿಂದ. ಕತ್ತಲಿಗೂ ಹಾವಿಗೂ ಹೆದರುವ ಹುಡುಗ ಅವನು. ಆದರೆ ನಿಜವಾದ ಘೋರ ನಡೆಯುವುದು ಮಂತ್ರ ಹೇಳಿಕೊಂಡು, ಮರ್ಯಾದಸ್ಥರ ಕೈಯಿಂದ. ಇಂಥ ಬರವಣಿಗೆಯ ಗುಟ್ಟೇ ಇದು: ಕೇಡು ಮಾಡುವವರಿಗೆ ತಾವು ಕೇಡು ಮಾಡ್ತಿದ್ದೇವೆ ಅಂತ ಅನ್ನಿಸುವುದೇ ಇಲ್ಲ.

ಗಿರೀಶ ಕಾಸರವಳ್ಳಿ 1977ರಲ್ಲಿ ಇದನ್ನು ಚಿತ್ರ ಮಾಡಿದರು; ಸ್ವರ್ಣಕಮಲ ಬಂತು. ಕೊನೆಯಲ್ಲಿ ತಲೆ ಬೋಳಿಸಿಕೊಂಡ ಯಮುನಕ್ಕ ಮರದಡಿ ಒಬ್ಬಳೇ ಕೂತಿರುತ್ತಾಳೆ. ನಾಣಿ ಅಪ್ಪನ ಜೊತೆ ಊರಿಗೆ ಹೊರಡುತ್ತಾನೆ.

ಅದನ್ನು ನೋಡಿದಾಗ ನೆನಪಾಯಿತು. ಚಿಕ್ಕಂದಿನಲ್ಲಿ ಅರಿಸಿನ-ಕುಂಕುಮಕ್ಕೆ ಮನೆಮನೆಗೆ ಹೋಗಿ ಕರೆದು ಬರುತ್ತಿದ್ದವನು ನಾನೇ. ‘ಕೊನೇ ಬಾಗಿಲು ಬಿಟ್ಟು ಬಾರೋ’ ಅಂತಿದ್ದಳು ಅಮ್ಮ. ಬಿಟ್ಟು ಬರುತ್ತಿದ್ದೆ. ಬಾಗಿಲಲ್ಲಿ ನಿಂತ ಆ ಅಕ್ಕ ನನ್ನನ್ನು ನೋಡಿ ನಗುತ್ತಿದ್ದರು.

ಗೆಳೆಯರೇ, ನಮ್ಮ ಸಂಘಕ್ಕೆ ಬರುವ ಕಥೆಗಳಲ್ಲಿ ಖಳನಿಗೆ ಕೆಂಪು ಕಣ್ಣು ಇದ್ದೇ ಇರುತ್ತದೆ. ಒಂದು ಸಲ ಅವನಿಗೆ ನಮ್ಮ ಕಣ್ಣನ್ನೇ ಕೊಟ್ಟು ಬರೆದು ನೋಡೋಣವೇ?