ಬೆಚ್ಚಗಿನ ಕಡಲು, ಕೊರೆಯುವ ನೀರು: ಸ್ಕೂಬಾ ಜಾಕೆಟ್ ಆರಿಸುವ ಬಗೆ

ಸ್ಕೂಬಾ ಡೈವಿಂಗ್‌ನಲ್ಲಿ ಸಿಲಿಂಡರನ್ನು ಬೆನ್ನಿಗೆ ಹಿಡಿದಿಡುವ, ಗಾಳಿ ತುಂಬಿ ತೆಗೆಯಬಹುದಾದ ಜಾಕೆಟ್ಟಿಗೆ ಬಿಸಿಡಿ ಎಂದು ಹೆಸರು. ಎಡಭುಜದಿಂದ ಇಳಿಬಿದ್ದ ಕೊಳವೆಯ ತುದಿಯಲ್ಲಿ ಎರಡು ಗುಂಡಿಗಳಿರುತ್ತವೆ. ಒಂದನ್ನು ಒತ್ತಿದರೆ ಸಿಲಿಂಡರಿನ ಗಾಳಿ ಜಾಕೆಟ್ಟಿನ ಚೀಲಕ್ಕೆ ನುಗ್ಗುತ್ತದೆ. ಕೊಳವೆಯನ್ನು ಮೇಲೆತ್ತಿ ಇನ್ನೊಂದನ್ನು ಒತ್ತಿದರೆ ಹೊರಬೀಳುತ್ತದೆ. ಚೀಲ ಹಿಗ್ಗಿದಷ್ಟೂ ನೀರು ಪಕ್ಕಕ್ಕೆ ಸರಿಯುತ್ತದೆ, ಸರಿದ ನೀರಿನ ತೂಕದಷ್ಟೇ ಬಲ ಮೈಯನ್ನು ಮೇಲಕ್ಕೆ ತಳ್ಳುತ್ತದೆ. ಶಾಲೆಯಲ್ಲಿ ಎಲ್ಲರೂ ಓದಿರುವ ಆರ್ಕಿಮಿಡೀಸ್ ತತ್ವವೇ ಇಲ್ಲಿ ಕೆಲಸ ಮಾಡುವುದು. ಮುಳುಗದೆ, ಮೇಲೇಳದೆ, ಬೇಕೆಂದ ಆಳದಲ್ಲಿ ನಿಲ್ಲುವುದಕ್ಕೆ ಈ ಸಾಧನ ಬೇಕು.

ಯಾವ ಬಿಸಿಡಿ ಕೊಳ್ಳಬೇಕೆಂಬುದನ್ನು ಮೊದಲು ತೀರ್ಮಾನಿಸುವುದು ನೀರಿನ ಉಷ್ಣತೆ. ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ನೀರು ಮೈಯ ಬಿಸಿಯನ್ನು ಹೀರುತ್ತದೆ. ಆದ್ದರಿಂದ ನೀರಿಗೆ ತಕ್ಕ ಸೂಟು, ಸೂಟಿಗೆ ತಕ್ಕ ಬಿಸಿಡಿ. ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪದ ಸುತ್ತ ಡೈವಿಂಗ್ ನಡೆಯುವ ತಿಂಗಳುಗಳಲ್ಲಿ ನೀರು ಬೆಚ್ಚಗಿರುತ್ತದೆ. 3 ಮಿಲಿಮೀಟರ್ ದಪ್ಪದ ವೆಟ್‌ಸೂಟ್ ಧಾರಾಳವಾಗಿ ಸಾಕು. ಐಸ್‌ಲ್ಯಾಂಡಿನ ಸಿಲ್ಫ್ರಾ ಬಿರುಕಿನಲ್ಲಿ ವರ್ಷವಿಡೀ 2ರಿಂದ 4 ಡಿಗ್ರಿ. ಅಲ್ಲಿ ಮೈಗೆ ನೀರೇ ತಾಗದ ಡ್ರೈಸೂಟ್, ಅದರೊಳಗೆ ಉಣ್ಣೆಯಂಥ ದಪ್ಪ ಒಳಉಡುಪು ಬೇಕು. ಇವೆರಡರ ನಡುವಿನ ನೀರಿಗೆ 5 ಅಥವಾ 7 ಮಿಲಿಮೀಟರ್ ಸೂಟುಗಳಿವೆ.

ವೆಟ್‌ಸೂಟ್ ತಯಾರಾಗುವ ನಿಯೊಪ್ರೀನ್ ರಬ್ಬರಿನ ತುಂಬ ಸಣ್ಣ ಗಾಳಿಗುಳ್ಳೆಗಳಿರುತ್ತವೆ. ಚಳಿ ತಡೆಯುವುದೂ ಅವೇ, ಮೈಯನ್ನು ತೇಲಿಸುವುದೂ ಅವೇ. ತೇಲುವ ಸೂಟನ್ನು ಮುಳುಗಿಸಲು ಸೊಂಟಕ್ಕೆ ಸೀಸ ಕಟ್ಟಬೇಕಾಗುತ್ತದೆ. ಆದರೆ ಪ್ರತಿ 10 ಮೀಟರ್ ಆಳಕ್ಕೆ ಒತ್ತಡ ಒಂದು ವಾಯುಮಂಡಲದಷ್ಟು ಏರುತ್ತದೆ. 30 ಮೀಟರಿನಲ್ಲಿ ಅದು ಮೇಲ್ಮೈಯ ನಾಲ್ಕು ಪಟ್ಟು. ಗುಳ್ಳೆಗಳು ಅಪ್ಪಚ್ಚಿಯಾಗಿ ಸೂಟು ತೇಲುವ ಗುಣವನ್ನು ಬಹುಪಾಲು ಕಳೆದುಕೊಳ್ಳುತ್ತದೆ, ಸೀಸ ಮಾತ್ರ ಇದ್ದಷ್ಟೇ ಇರುತ್ತದೆ. ಈ ನಷ್ಟವನ್ನು ತುಂಬಿಕೊಡುವುದೇ ಬಿಸಿಡಿ ಚೀಲದ ಮುಖ್ಯ ಕೆಲಸ.

ಲೆಕ್ಕ ಹಾಕಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಎದೆಭಾಗಕ್ಕೆ ಎರಡು ಪದರವಿರುವ 7 ಮಿಲಿಮೀಟರ್ ಸೂಟು ಮೇಲ್ಮೈಯಲ್ಲಿ 9 ಕೆಜಿಯಷ್ಟು ತೇಲುಬಲ ಕೊಡುತ್ತದೆ ಎಂದುಕೊಳ್ಳೋಣ. 30 ಮೀಟರ್ ಆಳದಲ್ಲಿ ಅದರಲ್ಲಿ ಸುಮಾರು 6 ಕೆಜಿ ಹೋಗುತ್ತದೆ. ಇದರ ಜೊತೆಗೆ ತುಂಬಿದ ಸಿಲಿಂಡರಿನೊಳಗಿನ ಗಾಳಿಯೇ ಸುಮಾರು ಎರಡೂವರೆ ಕೆಜಿ ತೂಗುತ್ತದೆ. ಒಟ್ಟು ಎಂಟೂವರೆ ಕೆಜಿ ಕೊರತೆ. ಸುರಕ್ಷತೆಗೆಂದು ಹೆಚ್ಚುವರಿ ಸೇರಿಸಿದರೆ 13ರಿಂದ 15 ಕೆಜಿ ಎತ್ತುವ ಚೀಲ ಬೇಕು. ತೆಳು ಸೂಟಿನಲ್ಲಾದರೆ ನಷ್ಟ ಒಂದೂವರೆ ಕೆಜಿ, ಗಾಳಿ ಸೇರಿ ನಾಲ್ಕು. 9ರಿಂದ 12 ಕೆಜಿಯ ಚೀಲ ಬೇಕಾದಷ್ಟಾಯಿತು.

ದೊಡ್ಡದಿದ್ದರೆ ಸುರಕ್ಷಿತ ಎಂಬ ನಂಬಿಕೆ ಅಂಗಡಿಗಳಲ್ಲಿ ಸಾಮಾನ್ಯ. ಅದು ತಪ್ಪು. ಅರೆಬರೆ ತುಂಬಿದ ದೊಡ್ಡ ಚೀಲದೊಳಗೆ ಗಾಳಿ ಅತ್ತಿತ್ತ ಸರಿದಾಡಿ ಮೈ ಓಲಾಡುತ್ತದೆ, ಈಜಲು ಶ್ರಮ ಹೆಚ್ಚುತ್ತದೆ. ಗುಂಡಿ ಸಿಕ್ಕಿಕೊಂಡು ಚೀಲ ತಾನಾಗಿ ತುಂಬತೊಡಗಿದರಂತೂ ಅಪಾಯ. ಮೇಲೇರಿದಷ್ಟೂ ಒತ್ತಡ ತಗ್ಗಿ ಗಾಳಿ ಹಿಗ್ಗುತ್ತದೆ, ಹಿಗ್ಗಿದಷ್ಟೂ ಏರುವ ವೇಗ ಹೆಚ್ಚುತ್ತದೆ. ಹಾಗೆ ಧಾವಿಸಿ ಮೇಲೆ ಬಂದವರ ಶ್ವಾಸಕೋಶಕ್ಕೆ ಪೆಟ್ಟಾಗಬಹುದು, ರಕ್ತದಲ್ಲಿ ಸಾರಜನಕದ ಗುಳ್ಳೆಗಳೇಳಬಹುದು.

ಬೆಚ್ಚಗಿನ ನೀರಿಗೆ ಹಗುರಾದ, ಬೇಗ ಒಣಗುವ, ಮಡಚಿಡಬಹುದಾದ ಬಿಸಿಡಿ ಒಳ್ಳೆಯದು. ಅಂಡಮಾನಿಗೋ ಲಕ್ಷದ್ವೀಪಕ್ಕೋ ವಿಮಾನದಲ್ಲಿ ಹೋಗುವವರಿಗೆ ಸಾಮಾನಿನ ತೂಕವೂ ಚಿಂತೆಯೇ. ಇಂಥ ಕಡೆ ಬಾಡಿಗೆಗೆ ಸಿಗುವ ಅಲ್ಯೂಮಿನಿಯಂ ಸಿಲಿಂಡರ್, ಗಾಳಿ ಮುಗಿಯುತ್ತ ಬಂದಂತೆ ತಾನೇ ಎರಡು ಕೆಜಿಯಷ್ಟು ತೇಲತೊಡಗುತ್ತದೆ ಎಂಬುದು ನೆನಪಿರಬೇಕು. ಆಗ ಕೊನೆಯ ನಿಲುಗಡೆಯಲ್ಲಿ, ಅಂದರೆ 5 ಮೀಟರಿನಲ್ಲಿ ಮೂರು ನಿಮಿಷ ನಿಲ್ಲುವ ಹೊತ್ತಿಗೆ, ಸೀಸ ಕಡಿಮೆ ಕಟ್ಟಿದವರು ಎಷ್ಟು ಪ್ರಯತ್ನಿಸಿದರೂ ಮೇಲಕ್ಕೆ ಹೋಗುತ್ತಾರೆ.

ತಣ್ಣೀರಿನ ಕತೆ ಇಷ್ಟು ಸರಳವಲ್ಲ. ಅಲ್ಲಿ ಅನುಭವಿಗಳು ಉಕ್ಕಿನ ಬೆನ್ನುಹಲಗೆಗೆ ಹಿಂಬದಿಯ ಚೀಲವೊಂದನ್ನು ಜೋಡಿಸಿದ ವಿಂಗ್ ಮಾದರಿಯನ್ನು ಮೆಚ್ಚುತ್ತಾರೆ. ಹಲಗೆಯೇ ಎರಡೂವರೆ, ಮೂರು ಕೆಜಿ ತೂಗುವುದರಿಂದ ಸೊಂಟದ ಸೀಸ ಅಷ್ಟು ಇಳಿಯುತ್ತದೆ. ಡ್ರೈಸೂಟಿಗೆ ಗಾಳಿ ಬಿಡುವ ವಾಲ್ವ್ ಎದೆಯ ಮೇಲೆ, ಹೊರಬಿಡುವ ವಾಲ್ವ್ ಸಾಮಾನ್ಯವಾಗಿ ಎಡತೋಳಿನ ಮೇಲ್ಭಾಗದಲ್ಲಿರುತ್ತದೆ. ಜಾಕೆಟ್ಟಿನ ಪಟ್ಟಿಗಳು ಇವೆರಡನ್ನೂ ಮುಚ್ಚಕೂಡದು. ದಪ್ಪ ಕೈಗವಸಿನಲ್ಲೂ ಸಿಗುವಂಥ ದೊಡ್ಡ ಬಕಲು, ಸಲಕರಣೆ ಸಿಕ್ಕಿಸುವ ದೊಡ್ಡ ಬಳೆ ಬೇಕು. ಡ್ರೈಸೂಟ್ ಹರಿದು ನೀರು ನುಗ್ಗಿದರೆ ಮೇಲೆ ತರಬೇಕಾದದ್ದು ಬಿಸಿಡಿಯೇ ಆದ್ದರಿಂದ ಇಲ್ಲಿ 15ರಿಂದ 20 ಕೆಜಿ ಎತ್ತುವ ಚೀಲ ಅತಿಯಲ್ಲ. ತುರ್ತಿನಲ್ಲಿ ಕಳಚಿ ಬಿಸಾಡಲು ಸೀಸದ ಒಂದು ಪಾಲು ಪ್ರತ್ಯೇಕವಾಗಿಯೇ ಇರಬೇಕು.

ಸಿಲಿಂಡರಿನ ಗಾಳಿ ಹೊರಬಂದು ಹಿಗ್ಗುವಾಗ ತಣ್ಣಗಾಗುತ್ತದೆ. ಸೊನ್ನೆಯ ಹತ್ತಿರದ ನೀರಿನಲ್ಲಿ ಗುಂಡಿಯೊಳಗಿನ ತೇವ ಹೆಪ್ಪುಗಟ್ಟಿ ಅದು ತೆರೆದೇ ಉಳಿಯಬಹುದು. ಆದ್ದರಿಂದ ಒಮ್ಮೆಲೇ ಒತ್ತಿ ಹಿಡಿಯದೆ ಸ್ವಲ್ಪಸ್ವಲ್ಪವೇ ಗಾಳಿ ತುಂಬಬೇಕು. ಸಿಲಿಂಡರಿನಿಂದ ಗಾಳಿ ತರುವ ಕೊಳವೆ ಒಂದೇ ಎಳೆತಕ್ಕೆ ಕಳಚಿ ಬರುವ ಮಾದರಿಯನ್ನೇ ಕೊಳ್ಳಬೇಕು. ಸಿಲ್ಫ್ರಾದಂಥ ಕಡೆ ಇರುವುದು ಸಿಹಿನೀರು, ಸಮುದ್ರದ ನೀರಿಗಿಂತ ಶೇಕಡಾ ಎರಡೂವರೆಯಷ್ಟು ಹಗುರ. ಸಲಕರಣೆ ಸೇರಿ 100 ಕೆಜಿ ತೂಗುವವರು ಅಲ್ಲಿ ಸೀಸವನ್ನು ಸುಮಾರು ಎರಡೂವರೆ ಕೆಜಿ ಇಳಿಸಬೇಕು.

ಕೊಳ್ಳುವ ಮುನ್ನ, ತೊಡಲಿರುವ ಸೂಟನ್ನೇ ತೊಟ್ಟು ಬಾಡಿಗೆಯ ಬಿಸಿಡಿಯೊಂದಿಗೆ ನೀರಿಗಿಳಿದು ನೋಡುವುದು ಉತ್ತಮ. ಸಿಲಿಂಡರಿನಲ್ಲಿ 50 ಬಾರ್ ಒತ್ತಡದಷ್ಟು ಗಾಳಿ ಉಳಿದಾಗ, ಚೀಲವನ್ನು ಪೂರ್ತಿ ಬರಿದು ಮಾಡಿ ಸಹಜ ಉಸಿರು ಹಿಡಿದರೆ ನೀರು ಕಣ್ಣಿನ ಮಟ್ಟಕ್ಕೆ ಬರಬೇಕು. ಹಾಗೆ ಬಂದರೆ ಸೀಸ ಸರಿಯಾಗಿದೆ ಎಂದರ್ಥ; ಚೀಲದ ಅಳತೆಯನ್ನು ಅಲ್ಲಿಂದ ಲೆಕ್ಕ ಹಾಕಬಹುದು. ಭಾರತದ ಕಡಲುಗಳಲ್ಲಷ್ಟೇ ಡೈವ್ ಮಾಡುವವರು ಸಣ್ಣ, ಹಗುರಾದ ಬಿಸಿಡಿಗೇ ಹಣ ಹಾಕಲಿ. ಎಂದೋ ಒಮ್ಮೆ ತಣ್ಣೀರಿಗಿಳಿಯುವ ಸಂದರ್ಭ ಬಂದರೆ, ಅದಕ್ಕೆ ತಕ್ಕ ಸಲಕರಣೆಯನ್ನು ಅಲ್ಲಿಯೇ ಬಾಡಿಗೆಗೆ ಪಡೆಯುವುದು ಲೇಸು.