ಷರೀಫರ ಪದ, ಗಿಟಾರಿನ ದನಿ

ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಮತ್ತು ಅವರ ತಂಡ ‘ರಘು ದೀಕ್ಷಿತ್ ಪ್ರಾಜೆಕ್ಟ್’ನ ಚೊಚ್ಚಲ ಆಲ್ಬಂ ಹೊರಬಂದದ್ದು 2008ರಲ್ಲಿ. ಅದನ್ನು ಬಿಡುಗಡೆ ಮಾಡಿದವರು ಹಿಂದಿ ಚಿತ್ರಸಂಗೀತದ ಜೋಡಿ ವಿಶಾಲ್–ಶೇಖರ್. ಮೈಕ್ರೋಬಯಾಲಜಿಯಲ್ಲಿ ಸ್ನಾತಕೋತ್ತರ ಪದವಿ, ಭರತನಾಟ್ಯದ ಅಭ್ಯಾಸ ಎರಡೂ ಇದ್ದ ರಘು ಅಲ್ಲಿ ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಹಾಡಿದ್ದಾರೆ.

ಆಲ್ಬಂನ ಜೀವಾಳ ಮಾತ್ರ ಶಿಶುನಾಳ ಷರೀಫರ (1819–1889) ಎರಡು ತತ್ವಪದಗಳು. ಒಂದರಲ್ಲಿ ಮನೆಯ ಮಾಳಿಗೆ ಸೋರುತ್ತದೆ; ಮೇಲೇರಿ ಸರಿಪಡಿಸುವವರಿಲ್ಲ. ಮನೆಯೆಂದರೆ ದೇಹ, ಸೋರಿಕೆಗೆ ಕಾರಣ ಅಜ್ಞಾನ. ಇನ್ನೊಂದರಲ್ಲಿ ಗುಡುಗುಡಿ ಸೇದುವ ಚಟವೇ ಅಧ್ಯಾತ್ಮದ ಪಾಠವಾಗುತ್ತದೆ. ಸಿ. ಅಶ್ವತ್ಥ್ ಈ ಪದಗಳನ್ನು ಅದಾಗಲೇ ಮನೆಮನೆಗೆ ತಲುಪಿಸಿದ್ದರು. ಅವರ ನಂತರ ಹಾಡುವುದು ಸಣ್ಣ ಧೈರ್ಯವಲ್ಲ. ರಘು ಅನುಕರಣೆಗೆ ಇಳಿಯದೆ ಗಿಟಾರು, ಪಿಟೀಲು, ಡ್ರಮ್ಸ್ ಜೊತೆ ಕುಣಿಯುವ ಲಯ ಕಟ್ಟಿದರು. ಕೆಲವೆಡೆ ಅಬ್ಬರ ಅರ್ಥವನ್ನು ಮರೆಸುತ್ತದೆ, ನಿಜ. ಆದರೆ ಪದ ಕಾಲೇಜು ಹುಡುಗರ ಬಾಯಿಗೆ ಬಂತು.

2010ರಲ್ಲಿ ತಂಡ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿದ ಮೇಲೆ ಬ್ರಿಟನ್ನಿನ ಐಟ್ಯೂನ್ಸ್ ವಿಶ್ವಸಂಗೀತ ಪಟ್ಟಿಯಲ್ಲಿ ಆಲ್ಬಂ ಮೊದಲ ಸ್ಥಾನಕ್ಕೇರಿತು. 2011ರಲ್ಲಿ ಸಾಂಗ್‌ಲೈನ್ಸ್ ಪತ್ರಿಕೆಯ ಹೊಸ ಕಲಾವಿದರ ಪ್ರಶಸ್ತಿಯೂ ಬಂತು. ಎರಡನೆಯ ಆಲ್ಬಂ ‘ಜಗ್ ಚಂಗಾ’ 2013ರದು.