ಕಾಣದ ನೋವಿಗೆ ಸಾಕ್ಷಿ

ಕೋಲಾರದ ಚಿನ್ನದ ಗಣಿಗಳಲ್ಲಿ ದುಡಿದವರ ಶ್ವಾಸಕೋಶದಲ್ಲಿ ಕಲ್ಲುಧೂಳು ಮಾಡಿದ ಗಾಯ ಕ್ಷಕಿರಣದ ಚಿತ್ರದಲ್ಲಿ ಮೂಡುತ್ತಿತ್ತು. ಆದರೆ, ಮೈಯೆಲ್ಲ ನೋಯುತ್ತದೆ, ನಿದ್ದೆಯಿಂದೆದ್ದರೂ ದಣಿವಾರದು ಎನ್ನುವವರ ಮಾತಿಗೆ ಅಂಥ ಚಿತ್ರವೆಲ್ಲಿ? ಹೆಂಗಸರಲ್ಲಿಯೇ ಹೆಚ್ಚಾಗಿ ಕಾಣುವ ಈ ವ್ಯಾಧಿಗೆ ವೈದ್ಯರು ಫೈಬ್ರೊಮಯಾಲ್ಜಿಯ ಎನ್ನುತ್ತಾರೆ.

ಬಂಗಾರಪೇಟೆಯಲ್ಲಿರುವ ನನ್ನ ಅಕ್ಕನಿಗೆ ಈ ಬಾಧೆ ಅಂಟಿ ಹಲವು ವರ್ಷಗಳಾದುವು. ರಕ್ತಪರೀಕ್ಷೆ, ಕ್ಷಕಿರಣ, ನರಗಳ ವಿದ್ಯುತ್ ಪರೀಕ್ಷೆ, ಯಾವುದರಲ್ಲಿಯೂ ದೋಷ ಕಾಣಲಿಲ್ಲ. ‘ಏನೂ ಇಲ್ಲ’ ಎಂಬ ಮಾತು ಅವಳಿಗೆ ಸಮಾಧಾನ ತರಲಿಲ್ಲ. ಸುಳ್ಳುಗಾತಿಯೆಂಬ ಅಪವಾದವನ್ನೇ ತಂದಿತು.

ಚೆನ್ನೈಗೆ ಹೋಗುವ ರೈಲುಗಳು ವೇಳೆಗೆ ಸರಿಯಾಗಿ ಬಂಗಾರಪೇಟೆಯನ್ನು ದಾಟಿದ ಮಾತ್ರಕ್ಕೆ, ಅಲ್ಲಿಂದ ಮಾರಿಕುಪ್ಪಂಗೆ ಕವಲೊಡೆಯುವ 16 ಕಿಲೋಮೀಟರಿನ ಹಳಿ ಸುಸ್ಥಿತಿಯಲ್ಲಿದೆಯೆಂದು ಹೇಳಲಾದೀತೆ? ನರಗಳ ಸಂಗತಿಯೂ ಹಾಗೆಯೇ. ದಪ್ಪ ತಂತುಗಳಲ್ಲಿ ಸಂದೇಶವು ಸೆಕೆಂಡಿಗೆ ಸುಮಾರು 50 ಮೀಟರಿನಂತೆ ಧಾವಿಸುತ್ತದೆ. ವಿದ್ಯುತ್ ಪರೀಕ್ಷೆ ಅಳೆಯುವುದು ಇವನ್ನು. ನೋವನ್ನೂ ಬಿಸಿತಂಪುಗಳನ್ನೂ ತಿಳಿಸುವ ಸಣ್ಣ ತಂತುಗಳು ಚರ್ಮದ ಮೇಲ್ಪದರದವರೆಗೆ ಹಬ್ಬಿವೆ. ಇವುಗಳಲ್ಲಿ ಅತಿ ಸಣ್ಣವುಗಳ ವೇಗ ಸೆಕೆಂಡಿಗೆ ಒಂದು ಮೀಟರಿನ ಆಸುಪಾಸು. ಇವು ಕುಂದಿದರೆ ಆ ಪರೀಕ್ಷೆಗೆ ತಿಳಿಯದು. ಕಾಲಿನಿಂದ 3 ಮಿಲಿಮೀಟರ್ ಅಗಲದ ಚರ್ಮವನ್ನು ತೆಗೆದು, ಬಣ್ಣ ಕಟ್ಟಿ, ಸೂಕ್ಷ್ಮದರ್ಶಕದಲ್ಲಿ ತಂತುಗಳನ್ನು ಎಣಿಸಬೇಕು.

2013ರಲ್ಲಿ ಜರ್ಮನಿಯ ವೂರ್ಟ್ಸ್‌ಬುರ್ಗ್‌ನಲ್ಲಿಯೂ ಅಮೆರಿಕದ ಬಾಸ್ಟನ್ನಿನಲ್ಲಿಯೂ ವಿಜ್ಞಾನಿಗಳು ಹೀಗೆ ಎಣಿಸಿದ ವರದಿಗಳು ಪ್ರಕಟವಾದುವು. ಬಾಸ್ಟನ್ನಿನಲ್ಲಿ 27 ರೋಗಿಗಳ ಪೈಕಿ ಶೇಕಡಾ 41ರಷ್ಟು ಮಂದಿಯ ಚರ್ಮದಲ್ಲಿ ಸಣ್ಣ ತಂತುಗಳ ಹಾನಿ ಕಂಡಿತು. ರೋಗವಿಲ್ಲದ 30 ಜನರಲ್ಲಿ ಶೇಕಡಾ 3ರಷ್ಟು ಮಾತ್ರ. 2021ರಲ್ಲಿ ಲಂಡನ್, ಲಿವರ್‌ಪೂಲ್, ಸ್ಟಾಕ್‌ಹೋಮ್‌ಗಳ ಸಂಶೋಧಕರು ರೋಗಿಗಳ ರಕ್ತದ ಪ್ರತಿಕಾಯಗಳನ್ನು ಇಲಿಗಳಿಗೆ ಚುಚ್ಚಿದಾಗ ಅವು ಒತ್ತಡಕ್ಕೂ ಚಳಿಗೂ ಅತಿಯಾಗಿ ನೊಂದುವು. ಅವುಗಳ ಚರ್ಮದ ತಂತುಗಳೂ ವಿರಳವಾದುವು.

ತಂತು ಕಡಿಮೆಯಾದರೆ ನೋವು ಹೆಚ್ಚುವುದು ಹೇಗೆ? ಗಾಯಗೊಂಡ ತಂತು ಕಾರಣವಿಲ್ಲದೆಯೂ ಸಂದೇಶವನ್ನು ಕಳುಹಿಸಬಲ್ಲುದು. ಬೆನ್ನುಹುರಿಯೂ ಮಿದುಳೂ ಅದನ್ನು ಹಿಗ್ಗಿಸಬಲ್ಲುವು. ತಂತುಗಳ ಹಾನಿ ಈ ವ್ಯಾಧಿಗೆ ಮೂಲವೋ ಅಥವಾ ಅದರ ಸಂಗಡ ಬಂದುದೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಆದರೂ ಹಾನಿ ಕಂಡಾಗ ಅದರ ಹಿಂದೆ ಮಧುಮೇಹದಂಥ, ಚಿಕಿತ್ಸೆಗೆ ಮಣಿಯುವ ಕಾರಣವಿದೆಯೇ ಎಂದು ಹುಡುಕಲು ದಾರಿಯಾಗುತ್ತದೆ.

ಇನ್ನೊಂದು ಮಾತು. ಚರ್ಮದಲ್ಲಿಯೂ ಹಾನಿ ಕಾಣದವರು ರೋಗಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟಿದ್ದಾರೆ. ಚರ್ಮದ ತುಣುಕನ್ನೇ ಪ್ರಮಾಣವೆಂದು ಹಿಡಿದರೆ, ನೆನ್ನೆ ನನ್ನಕ್ಕನಿಗೆ ಅಂಟಿಸಿದ ಅಪವಾದವನ್ನು ನಾಳೆ ಇವರಿಗೆ ಅಂಟಿಸಿದಂತಾಗುತ್ತದೆ. ಸೂಕ್ಷ್ಮದರ್ಶಕವು ಬರುವುದಕ್ಕೂ ಮೊದಲೇ ನೊಂದವರು ನಿಜವನ್ನು ಹೇಳುತ್ತಿದ್ದರೆಂಬುದೇ ಈ ಸಂಶೋಧನೆ ನಮಗೆ ಕಲಿಸಿದ ಪಾಠ.